ದ್ವಾರಕೀಶ್: ನಗಿಸಿ ದುಡಿದದ್ದನ್ನೆಲ್ಲ ಸಿನಿಮಾಗೇ ಸುರಿದಿದ್ದು ಧೈರ್ಯಾನಾ, ಹುಚ್ಚಾ?

ಹಳೇರೀಲು:
ನಿನ್ನೆ ರಾತ್ರಿ ಟಿವಿಯಲ್ಲಿ ಆಪ್ತಮಿತ್ರ ಬರುತ್ತಿತ್ತು. ಶುರುವಿನಲ್ಲಿ ದ್ವಾರಕೀಶ್ ಹೆಸರು ಬಂತು. ಹದಿನೈದು ವರ್ಷದ ನನ್ನ ಅಕ್ಕನ ಮಗ "ಯಾರು ಮಾಮ ಇವರು, ದೊಡ್ಡ ಪ್ರೊಡ್ಯೂಸರಾ?" ಅಂದ. "ಅಲ್ಲ ಕಣೋ, ಕಾಮಿಡಿ ಮಾಡುತ್ತಿದ್ದವರು" ಅಂದೆ. ಅಪ್ಪ ಪೇಪರ್ ಕೆಳಗಿಳಿಸದೆ "ಎರಡೂ ಅಲ್ಲ, ಸಿನಿಮಾ ಹುಚ್ಚ" ಅಂದರು. ಅಲ್ಲಿಂದ ಶುರುವಾದ ವಾದ ಸಿನಿಮಾ ಮುಗಿದರೂ ಮುಗಿಯಲಿಲ್ಲ.

ನನ್ನ ತಕರಾರು ಇಷ್ಟೇ. ನಗೆ ನಟ ಅಂದರೆ ಸೇಫ್ ಕೆಲಸ. ಸಿನಿಮಾ ಬಿದ್ದರೆ ಬೈಗುಳ ಹೀರೋಗೆ, ನಷ್ಟ ನಿರ್ಮಾಪಕನಿಗೆ. ಕಾಮಿಡಿ ಮಾಡಿದವನು ಸಂಭಾವನೆ ತಗೊಂಡು ಮನೆಗೆ ಹೋಗಬಹುದು. ಇವರು ಆ ಸಂಭಾವನೆಯನ್ನೂ ಸೇರಿಸಿ ಸಾಲ ಮಾಡಿ ಮತ್ತೆ ಸಿನಿಮಾಗೇ ಹಾಕಿದರು. ಒಂದು ಓಡಿದರೆ ಎರಡು ಮಲಗಿದವು. ಕಟ್ಟಿಸಿದ ಮನೆಗಳನ್ನು ಮಾರಿದ ಕತೆಯನ್ನು ಅವರೇ ಸಂದರ್ಶನಗಳಲ್ಲಿ ನಗುತ್ತಾ ಹೇಳಿಕೊಂಡಿದ್ದಾರೆ. ಸುಮ್ನೆ ನಟಿಸಿಕೊಂಡು ಇದ್ದಿದ್ದರೆ ಆರಾಮಾಗಿ ಇರುತ್ತಿರಲಿಲ್ವಾ? ಏನಂತೀರಿ?

ಗಾಂಧಿಕ್ಲಾಸ್:
ನಿಮ್ಮಪ್ಪ ಹೇಳಿದ್ದೇ ಸರಿ. ಚರ್ಚೆ ಮುಗೀತು. 😄

ಮೈಸೂರುಮಲ್ಲಿಗೆ72:
ಸುಮ್ನೆ ಇರುವ ಜಾತಿಯವರೇ ಆಗಿದ್ದರೆ ಸಿನಿಮಾಗೇ ಬರುತ್ತಿರಲಿಲ್ಲ. ಹುಟ್ಟಿದ್ದು ಹುಣಸೂರಿನಲ್ಲಿ, 1942ರ ಆಗಸ್ಟ್‌ನಲ್ಲಿ. ಪೂರ್ತಿ ಹೆಸರು ಬಂಗ್ಲೆ ಶಾಮರಾವ್ ದ್ವಾರಕಾನಾಥ್. ಮೈಸೂರಿನಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಓದಿದರು, ಆಮೇಲೆ ಅಣ್ಣನ ಜೊತೆ ಗಾಡಿಗಳ ಸ್ಪೇರ್ ಪಾರ್ಟ್ಸ್ ಅಂಗಡಿ. ಅಂಗಡಿ ಚೆನ್ನಾಗೇ ನಡೆಯುತ್ತಿತ್ತು. ಆದರೆ ಸೋದರಮಾವ ಹುಣಸೂರು ಕೃಷ್ಣಮೂರ್ತಿ ಸಿನಿಮಾದವರು. ಹಾಗಿದ್ದ ಮೇಲೆ ಹುಡುಗ ನಟ್ಟು ಬೋಲ್ಟು ಎಣಿಸಿಕೊಂಡು ಕೂರುತ್ತಾನಾ? ಮಾವನ 'ವೀರಸಂಕಲ್ಪ' 1964ರಲ್ಲಿ ಬಂತು, ಅದರಲ್ಲಿ ಬಣ್ಣ ಹಚ್ಚಿದರು. ದ್ವಾರಕೀಶ್ ಅನ್ನುವ ಹೆಸರು ಕೊಟ್ಟಿದ್ದು ಸಿ.ವಿ. ಶಿವಶಂಕರ್.

ಎರಡೇ ವರ್ಷಕ್ಕೆ, 1966ರಲ್ಲಿ, 'ಮಮತೆಯ ಬಂಧನ'ಕ್ಕೆ ಪಾಲುದಾರರ ಜೊತೆ ದುಡ್ಡು ಹಾಕಿದ್ದಾರೆ. ಅಂದರೆ ನಟನೆಯಲ್ಲಿ ಕಾಲೂರುವ ಮೊದಲೇ ನಿರ್ಮಾಪಕ. "ಕಾಮಿಡಿಯಲ್ಲಿ ದುಡಿದು ಆಮೇಲೆ ನಿರ್ಮಾಪಕರಾದರು" ಅನ್ನುವ ನಿಮ್ಮ ಲೆಕ್ಕ ಅಲ್ಲೇ ತಪ್ಪಿತು.

ಹಳೇರೀಲು:
@ಮೈಸೂರುಮಲ್ಲಿಗೆ72 ಇದು ಗೊತ್ತಿರಲಿಲ್ಲ ಮೇಡಂ. ಮೇಯರ್ ಮುತ್ತಣ್ಣನೇ ಮೊದಲು ಅಂದುಕೊಂಡಿದ್ದೆ.

ಲೆಕ್ಕದಪುಸ್ತಕ:
ಒಬ್ಬರೇ ಮಾಡಿದ್ದರಲ್ಲಿ ಅದೇ ಮೊದಲು. 'ಮೇಯರ್ ಮುತ್ತಣ್ಣ', 1969. ಇವರಿಗೆ ಆಗ 27 ವರ್ಷ. ಹೀರೋ ರಾಜ್‌ಕುಮಾರ್, ಜೊತೆಗೆ ಭಾರತಿ. ನಿರ್ದೇಶಕ ಯಾರು ಅನ್ಕೊಂಡಿರಿ? ಅದಕ್ಕೂ ಮುಂಚೆ ಒಂದೂ ಸಿನಿಮಾ ನಿರ್ದೇಶನ ಮಾಡದ ಸಿದ್ದಲಿಂಗಯ್ಯ. ಅಷ್ಟು ದೊಡ್ಡ ನಟನ ಡೇಟ್ ಸಿಕ್ಕಿದೆ, ಕೈಯಲ್ಲಿರುವುದು ಸಾಲದ ದುಡ್ಡು, ಅದನ್ನು ತಂದು ಹೊಸಬನ ಕೈಗೆ ಕೊಡುತ್ತಾರೆ! ಬ್ಯಾಂಕಿನಲ್ಲಿ ಕೆಲಸ ಮಾಡುವ ನನಗೆ ಇದನ್ನು ಬರೆಯುವಾಗಲೇ ಬಿಪಿ ಏರುತ್ತಿದೆ. ಸಿನಿಮಾ ಗೆದ್ದಿತು. ಆಮೇಲೆ ಮೂರೇ ವರ್ಷಕ್ಕೆ ಬಂಗಾರದ ಮನುಷ್ಯ ಮಾಡಿದ್ದು ಅದೇ ಸಿದ್ದಲಿಂಗಯ್ಯ.

ಬಾಲ್ಕನಿ_ಟಿಕೆಟ್:
ನಿರ್ಮಾಪಕರಾಗಿ ದೊಡ್ಡವರು, ಒಪ್ಪಿದೆ. ನಟರಾಗಿ? ಕ್ಷಮಿಸಿ, ನನಗೆ ಅಷ್ಟಕ್ಕಷ್ಟೇ. ಎಲ್ಲ ಸಿನಿಮಾದಲ್ಲೂ ಅದೇ ಕುಳ್ಳನ ಜೋಕು. ಹೀರೋ ಎತ್ತಿಕೊಳ್ಳೋದು, ಯಾರೋ ತಲೆ ಮೇಲೆ ಕುಟ್ಟೋದು. ನರಸಿಂಹರಾಜು ಮುಂದೆ ಇದೇನು ಕಾಮಿಡಿ?

ಗಾಂಧಿಕ್ಲಾಸ್:
ಬಂತು ನೋಡಪ್ಪ ಬಾಲ್ಕನಿಯಿಂದ.

ಟೆಂಟಿನಮಣ್ಣು:
ನರಸಿಂಹರಾಜು ಹೆಸರು ಎತ್ತಿದ್ದಕ್ಕೆ ಬಂದೆ. ತಿಪಟೂರಿನವರು, ಗುಬ್ಬಿ ಕಂಪನಿಯಲ್ಲಿ ಪಳಗಿದವರು. ರಾಜ್‌ಕುಮಾರ್ ನಾಯಕನಾದ ಬೇಡರ ಕಣ್ಣಪ್ಪದಲ್ಲೇ, ಅಂದರೆ 1954ರಲ್ಲಿ, ಇವರೂ ಬಂದರು. ಆಗ ನಿರ್ಮಾಪಕರು ಮೊದಲು ನರಸಿಂಹರಾಜು ಡೇಟ್ ತಗೊಂಡು ಆಮೇಲೆ ಹೀರೋ ಹತ್ತಿರ ಹೋಗುತ್ತಿದ್ದರು ಅನ್ನುವ ಮಾತು ಇವತ್ತಿಗೂ ಗಾಂಧಿನಗರದಲ್ಲಿ ಇದೆ.

ಆದರೆ ಬಾಲ್ಕನಿ ಸಾರ್, ಒಂದು ಯೋಚನೆ ಮಾಡಿ. ನರಸಿಂಹರಾಜು ಹಲ್ಲು ತೋರಿಸಿದರೆ ಕಲೆ, ದ್ವಾರಕೀಶ್ ಎತ್ತರ ತೋರಿಸಿದರೆ ಜೋಕಾ? ಇಬ್ಬರೂ ದೇವರು ಕೊಟ್ಟಿದ್ದನ್ನೇ ಬಂಡವಾಳ ಮಾಡಿಕೊಂಡವರು. ನಮ್ಮೂರ ಟೆಂಟಿನಲ್ಲಿ ನೆಲದ ಮೇಲೆ ಕೂತು ನೋಡುವಾಗ ನರಸಿಂಹರಾಜು ಬಾಯಿ ತೆರೆಯುವ ಮೊದಲೇ ಜನ ನಗುತ್ತಿದ್ದರು. ದ್ವಾರಕೀಶ್‌ಗೆ ಹಾಗಲ್ಲ, ಅವರು ಬಾಯಿ ತೆರೆದ ಮೇಲೆ ನಗು. ಆ ಕೀರಲು ದನಿಯಲ್ಲಿ ಬಡಬಡ ಅಂತ ಬೈಯೋರಲ್ಲ, ಅದು.

ಐದಡಿ_ಒಂದಿಂಚು:
ನಾನು ಇಲ್ಲಿ ಬರೆಯುವುದು ಕಡಿಮೆ. ನನ್ನ ಹೆಸರು ನೋಡಿದರೆ ಯಾಕೆ ಬಂದೆ ಅಂತ ಗೊತ್ತಾಗುತ್ತದೆ. (ಒಂದಿಂಚು ಕೂಡ ಚಪ್ಪಲಿ ಸೇರಿಸಿ.)

ನಾನು ಹೈಸ್ಕೂಲಿನಲ್ಲಿದ್ದಾಗ ನನಗೆ ಹೆಸರೇ ಇರಲಿಲ್ಲ. ಹಾಜರಿ ಕೂಗುವಾಗ ಮಾತ್ರ ಇತ್ತು. ಉಳಿದ ಹೊತ್ತು ಕುಳ್ಳ, ಮೋಟು, ಅರ್ಧ ಟಿಕೆಟ್. ಪ್ರೇಯರ್ ಸಾಲಿನಲ್ಲಿ ಯಾವಾಗಲೂ ಮೊದಲನೇ ಜಾಗ. ಏಳನೇ ಕ್ಲಾಸಿನಿಂದ ಹತ್ತನೇ ಕ್ಲಾಸಿನವರೆಗೂ ಅದೇ ಜಾಗ, ನೆಲದಲ್ಲಿ ನನ್ನ ಕಾಲಿನ ಗುರುತು ಬಿದ್ದಿತ್ತೇನೋ. ಆಗ ಭಾನುವಾರ ಸಂಜೆ ದೂರದರ್ಶನದಲ್ಲಿ ಕನ್ನಡ ಸಿನಿಮಾ. ಒಂದು ವಾರ 'ಸಿಂಗಪೂರ್‌ನಲ್ಲಿ ರಾಜಾಕುಳ್ಳ' ಹಾಕಿದರು. ಮುಗೀತು ನನ್ನ ಕತೆ, ಸೋಮವಾರ ಸ್ಕೂಲಿಗೆ ಹೋದರೆ ಸಾಯಿಸುತ್ತಾರೆ ಅಂದುಕೊಂಡೆ.

ಹೋದೆ. ಕೂಗಿದರು. ಆದರೆ "ಕುಳ್ಳ" ಅನ್ನಲಿಲ್ಲ, "ರಾಜಾಕುಳ್ಳ" ಅಂದರು! ನಮ್ಮ ಕ್ಲಾಸಿನ ಉದ್ದದ ಹುಡುಗ ಒಬ್ಬ ಬಂದು ಹೆಗಲ ಮೇಲೆ ಕೈ ಹಾಕಿ ನಾನೇ ವಿಷ್ಣುವರ್ಧನ್ ಅಂದ. ಆ ವರ್ಷ ಪೂರ್ತಿ ನಾವಿಬ್ಬರೂ ಜೋಡಿ.

ಬಾಲ್ಕನಿ ಸಾರ್, ನೀವು ಅದನ್ನು ಕುಳ್ಳನ ಜೋಕು ಅಂದಿರಿ. ಪೋಸ್ಟರ್ ನೆನಪು ಮಾಡಿಕೊಳ್ಳಿ. ಕುಳ್ಳ ಏಜೆಂಟ್ 000. ಕಳ್ಳ ಕುಳ್ಳ. ರಾಜಾಕುಳ್ಳ. ಪ್ರಚಂಡ ಕುಳ್ಳ. ಜನ ಬೀದಿಯಲ್ಲಿ ಬಿಟ್ಟಿಯಾಗಿ ಕೂಗುತ್ತಿದ್ದ ಪದ ಅದು. ಈ ಮನುಷ್ಯ ಅದನ್ನು ತಾನೇ ಎತ್ತಿಕೊಂಡು ಥಿಯೇಟರ್ ಮೇಲೆ ಬರೆಸಿ ಟಿಕೆಟ್ ಇಟ್ಟ. ಕೂಗಬೇಕಾ? ದುಡ್ಡು ಕೊಟ್ಟು ಒಳಗೆ ಬಂದು ಕೂಗು. ಅದೂ ಹೀರೋ ಪಕ್ಕದಲ್ಲಿ ನಿಂತು ಏಟು ತಿನ್ನುವ ಕುಳ್ಳ ಅಲ್ಲ. ಗಮನಿಸಿ, ವಿಷ್ಣುವರ್ಧನ್ ಜೊತೆ ನಿಂತಾಗ ಸೊಂಟದ ಮೇಲೆ ಕೈ ಇಟ್ಟು, ಕತ್ತು ಪೂರ್ತಿ ಹಿಂದಕ್ಕೆ ಬಗ್ಗಿಸಿ, ಮೇಲೆ ನೋಡಿಕೊಂಡು ಬೈಯುತ್ತಾರೆ. ಬಗ್ಗಬೇಕಾದ್ದು ಉದ್ದದವನು. ಕೆಳಗಿನಿಂದ ಮೇಲಕ್ಕೆ ಬೈಯೋದು ಎಷ್ಟು ಕಷ್ಟ ಅಂತ ನಮ್ಮಂಥವರಿಗೇ ಗೊತ್ತು.

ಹಳೇರೀಲು:
ಸಾರ್, ಇದನ್ನು ಅಕ್ಕನ ಮಗನಿಗೆ ಓದಿ ಹೇಳುತ್ತೇನೆ.

ಗಾಂಧಿಕ್ಲಾಸ್:
"ಕೂಗಬೇಕಾ? ದುಡ್ಡು ಕೊಟ್ಟು ಒಳಗೆ ಬಂದು ಕೂಗು." ಗುರುವೇ, ಶಿಳ್ಳೆ ನನ್ನದು.

ಬಾಲ್ಕನಿ_ಟಿಕೆಟ್:
ಐದಡಿ ಸಾರ್, ನಿಮ್ಮ ಮಾತಿಗೆ ಎದುರು ಹೇಳಲ್ಲ. ಆದರೂ ಎಲ್ಲರಿಗೂ ನಿಮ್ಮ ಹಾಗೆ ಆಗಲಿಲ್ಲ. ನನ್ನ ತಮ್ಮನಿಗೆ ಅದೇ ಹೆಸರಿಟ್ಟು ಅಳಿಸಿದ್ದೂ ಉಂಟು. ಅದಕ್ಕೇ ನನಗೆ ಆ ಜೋಕುಗಳು ಹಿಡಿಸುವುದಿಲ್ಲ. ಅಷ್ಟೇ.

ಐದಡಿ_ಒಂದಿಂಚು:
ಅದೂ ನಿಜವೇ ಸಾರ್. ನನ್ನ ಪಾಲಿಗೆ ಆ ಉದ್ದದ ಹುಡುಗ ಇದ್ದ, ನಿಮ್ಮ ತಮ್ಮನಿಗೆ ಇರಲಿಲ್ಲ.

ಕಡಲತಡಿ:
ಮಾರಾಯ್ರೆ, ಕುಳ್ಳ ಏಜೆಂಟ್ ಅಂದಿರಿ, ಹಾಡಿನ ವಿಷಯ ಯಾರೂ ಹೇಳಲೇ ಇಲ್ಲವಲ್ಲ! ಕಿಶೋರ್ ಕುಮಾರ್ ಹಾಡಿದ್ದು. "ಆಡು ಆಟ ಆಡು". 1975ರ ಸಿನಿಮಾ. ಕಿಶೋರ್ ಕನ್ನಡದಲ್ಲಿ ಹಾಡಿದ ಮೂರ್ನಾಲ್ಕು ಹಾಡಿನಲ್ಲಿ ಅದೇ ಬೆಸ್ಟ್.

ಲೆಕ್ಕದಪುಸ್ತಕ:
ಎರಡು ತಪ್ಪು. ಕುಳ್ಳ ಏಜೆಂಟ್ 000 ಬಂದಿದ್ದು 1972. ನೀವು ಹೇಳುತ್ತಿರುವ 1975 ಕಳ್ಳ ಕುಳ್ಳದ್ದು, ವಿಷ್ಣುವರ್ಧನ್ ಜೊತೆ ಮಾಡಿದ್ದು. ಇನ್ನು ಕಿಶೋರ್ ಕುಮಾರ್ ಕನ್ನಡದಲ್ಲಿ ಹಾಡಿದ್ದು ಅದೊಂದೇ ಹಾಡು. ಸಂಗೀತ ರಾಜನ್-ನಾಗೇಂದ್ರ.

ಕಡಲತಡಿ:
ಆಯ್ತು ಮಾರಾಯ್ರೆ, ಒಪ್ಪಿದೆ. ಆದರೆ ನೋಡಿ, ಈ ಮನುಷ್ಯನ ಧೈರ್ಯ. 1972ರಲ್ಲಿ ಕಿಶೋರ್ ಎಂದರೆ ಹಿಂದಿಯಲ್ಲಿ ಉತ್ತುಂಗ. ನಮ್ಮಲ್ಲಿ ದೊಡ್ಡ ಹೀರೋಗಳಿಗೂ ಅವರ ದನಿ ತಂದಿರಲಿಲ್ಲ. ಇವರು ತಂದದ್ದು ಯಾರಿಗೆ? ತಮಗೇ! ಕಾಮಿಡಿಯನ್‌ಗೆ ಕಿಶೋರ್ ಕುಮಾರ್. ನಾನು ಹಾಡನ್ನು ನೂರು ಸಲ ಕೇಳಿದ್ದೇನೆ, ಆ ಒತ್ತಕ್ಷರಗಳು ಕಿಶೋರ್ ಬಾಯಲ್ಲಿ ಜಾರುತ್ತವೆ. ಅದೇ ಒಂದು ಚಂದ.

ಬಾಲ್ಕನಿ_ಟಿಕೆಟ್:
ಉಚ್ಚಾರಣೆ ಕೆಟ್ಟಿದ್ದರೂ ಚಂದ ಅಂತೀರಿ. ಈಗಿನವರು ಹಾಗೆ ಹಾಡಿದರೆ ಮಾತ್ರ ಹೊರಗಿನ ಗಾಯಕರು ಬೇಡ ಅಂತ ಕೂಗಾಡುತ್ತೀರಿ.

ಕಡಲತಡಿ:
ಅದು ಬೇರೆ ಇದು ಬೇರೆ!! ಕಿಶೋರ್ ಒಂದೇ ಹಾಡು ಹಾಡಿ ಹೋದರು. ಈಗ ಹತ್ತರಲ್ಲಿ ಎಂಟು ಹೊರಗಿನವರದ್ದೇ.

ಮೈಸೂರುಮಲ್ಲಿಗೆ72:
ದಯವಿಟ್ಟು ಆ ಜಗಳ ಇಲ್ಲಿ ಬೇಡ. ಅದಕ್ಕೆ ಕೊನೆಯೇ ಇಲ್ಲ.

ವಿಷಯಕ್ಕೆ ಬರೋಣ. ಸಿಂಗಪೂರ್ ವಿಷಯ ಯಾರೂ ಹೇಳಲಿಲ್ಲ. ರಾಜಾಕುಳ್ಳ 1978. ಹೊರದೇಶದಲ್ಲಿ ಚಿತ್ರೀಕರಣ ಮಾಡಿದ ಮೊದಲ ಕನ್ನಡ ಸಿನಿಮಾ. ಈಗ ಒಂದು ಹಾಡಿಗೆ ಯೂರೋಪ್ ಸುತ್ತಿ ಬರುತ್ತಾರೆ. ಆಗ ನಮ್ಮವರಿಗೆ ಮದ್ರಾಸ್ ಸ್ಟುಡಿಯೋನೇ ವಿದೇಶ. ನನ್ನ ತಾಯಿ ಆ ಸಿನಿಮಾನ ಮೂರು ಸಲ ನೋಡಿದ್ದರು. ಕತೆಗಲ್ಲ, ವಿಷ್ಣುವರ್ಧನ್‌ಗೂ ಅಲ್ಲ. ವಿಮಾನ ನೋಡೋಕೆ, ಆ ಊರಿನ ರಸ್ತೆ ಎಷ್ಟು ಚೊಕ್ಕ ಇದೆ ಅಂತ ನೋಡೋಕೆ. ಮನೆಗೆ ಬಂದು ನಮ್ಮ ಬೀದಿ ಗುಡಿಸುವಾಗೆಲ್ಲ "ಸಿಂಗಪೂರ್ ಮಾಡ್ತೀನಿ" ಅನ್ನೋರು. 😊

ಟೆಂಟಿನಮಣ್ಣು:
ಅಲ್ಲಿಗೇ ನಿಲ್ಲಲಿಲ್ಲವಲ್ಲ. ಎಂಟು ವರ್ಷ ಬಿಟ್ಟು ಆಫ್ರಿಕಾ! 'ಆಫ್ರಿಕಾದಲ್ಲಿ ಶೀಲಾ', 1986. ನಿರ್ದೇಶನವೂ ಅವರದೇ, ಸಂಗೀತಕ್ಕೆ ಬಪ್ಪಿ ಲಹರಿ.

ಗಾಂಧಿಕ್ಲಾಸ್:
ಶೀಲಾ ನೋಡೋಕೆ ನಾನು ಸ್ಕೂಲ್ ತಪ್ಪಿಸಿ ಹೋಗಿದ್ದೆ. ಗೇಟಲ್ಲಿ ಮಾವ ಸಿಕ್ಕಿದರು. ಅವರೂ ಆಫೀಸ್ ತಪ್ಪಿಸಿ ಬಂದಿದ್ದರು. ಇಬ್ಬರೂ ಮನೆಯಲ್ಲಿ ಇವತ್ತಿನವರೆಗೂ ಬಾಯಿ ಬಿಟ್ಟಿಲ್ಲ.

ಲೆಕ್ಕದಪುಸ್ತಕ:
ಅದೇ ಹೊತ್ತಿಗೆ ತಮಿಳು, ಹಿಂದಿಗೂ ಕೈ ಹಾಕಿದ್ದರು. ರಜನೀಕಾಂತ್ ಇಟ್ಟುಕೊಂಡು 'ಅಡುತ್ತ ವಾರಿಸು' 1983, ಹಿಂದಿಯಲ್ಲಿ 'ಗಂಗ್ವಾ' 1984, 'ನಾನ್ ಅಡಿಮೈ ಇಲ್ಲೈ' 1986. ಕೊನೆಯದ್ದಕ್ಕೆ ನಿರ್ದೇಶಕರೂ ಇವರೇ, ನಾಯಕಿ ಶ್ರೀದೇವಿ. ಹುಣಸೂರಿನ ಹುಡುಗ ರಜನಿಗೂ ಶ್ರೀದೇವಿಗೂ ಆ್ಯಕ್ಷನ್, ಕಟ್ ಹೇಳಿದ್ದಾನೆ ಅಂದರೆ ಸಣ್ಣ ಮಾತಲ್ಲ. ಇಲ್ಲಿ ಎಷ್ಟು ಜನಕ್ಕೆ ಇದು ಗೊತ್ತಿತ್ತು, ಕೈ ಎತ್ತಿ.

ಹಳೇರೀಲು:
ನಾನು ಎತ್ತಲ್ಲ. ಗೊತ್ತಿರಲಿಲ್ಲ.

ಕಡಲತಡಿ:
ಹೊಸಬರಿಗೆ ಬಾಗಿಲು ತೆಗೆದದ್ದನ್ನೂ ಹೇಳಿ. ಲೀಲಾವತಿಯವರ ಮಗ ವಿನೋದ್ ರಾಜ್ ಬಂದದ್ದು ಇವರ 'ಡಾನ್ಸ್ ರಾಜ ಡಾನ್ಸ್'ನಲ್ಲಿ, 1987. ನಟಿ ಶ್ರುತಿಗೆ ಆ ಹೆಸರು ಬಂದದ್ದೇ ಇವರ 1990ರ 'ಶ್ರುತಿ' ಸಿನಿಮಾದಿಂದ.

ಟೆಂಟಿನಮಣ್ಣು:
ಮೂಲ ಪ್ರಶ್ನೆಗೆ ಬರುತ್ತೇನೆ. ಕಾಮಿಡಿ ಮಾಡುವವನು ಯಾಕೆ ಸಿನಿಮಾ ಮಾಡಿ ಕೈ ಸುಟ್ಟುಕೊಳ್ಳಬೇಕು ಅಂತ ಕೇಳಿದಿರಿ. ಇದು ದ್ವಾರಕೀಶ್ ಒಬ್ಬರ ಕತೆ ಅಲ್ಲ ಸ್ವಾಮಿ. ನಮ್ಮ ನಗೆ ನಟರಿಗೆ ಇದು ಮನೆತನದ ಕಾಯಿಲೆ.

1960ರ 'ರಣಧೀರ ಕಂಠೀರವ' ತಗೊಳ್ಳಿ. ಯಾರು ಮಾಡಿದ್ದು? ರಾಜ್‌ಕುಮಾರ್, ಜಿ.ವಿ. ಅಯ್ಯರ್, ಮತ್ತೆ ಇಬ್ಬರು ನಗೆ ನಟರು, ನರಸಿಂಹರಾಜು ಮತ್ತು ಬಾಲಕೃಷ್ಣ. ಕಲಾವಿದರು ಸೇರಿ ಊರೂರಿಗೆ ಹೋಗಿ ನಾಟಕ ಆಡಿ ಹೊಟ್ಟೆ ಹೊರೆದ ಕಾಲ ಅದು. ನರಸಿಂಹರಾಜು ಆಮೇಲೆ 'ಪ್ರೊಫೆಸರ್ ಹುಚ್ಚುರಾಯ' ಅಂತ ತಾವೇ ನಿರ್ಮಿಸಿ ಹೀರೋ ಆದರು. 1979ರಲ್ಲಿ ಹೋಗಿಬಿಟ್ಟರು.

ಬಾಲಕೃಷ್ಣ ಅವರದ್ದು ಇನ್ನೂ ಒಂದು ಕೈ ಮೇಲೆ. ಅವರಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಎದುರಿಗಿರುವವರ ತುಟಿ ನೋಡಿಕೊಂಡು ಸರಿಯಾದ ಹೊತ್ತಿಗೆ ಡೈಲಾಗ್ ಬಿಡುತ್ತಿದ್ದರು. ಕಾಮಿಡಿಯಲ್ಲಿ ಅರ್ಧ ಸೆಕೆಂಡ್ ತಪ್ಪಿದರೆ ನಗು ಸತ್ತಂತೆ. ಕಿವಿ ಚೆನ್ನಾಗಿರುವವರೇ ತಪ್ಪುತ್ತಾರೆ! ಅಂಥ ಮನುಷ್ಯ ಕನ್ನಡ ಸಿನಿಮಾ ಕನ್ನಡ ನಾಡಿನಲ್ಲೇ ತಯಾರಾಗಬೇಕು ಅಂತ ಕೆಂಗೇರಿ ಕಡೆ ಅಭಿಮಾನ್ ಸ್ಟುಡಿಯೋ ಕಟ್ಟಿಸಿದರು. ಅದಕ್ಕಾಗಿ ಪಟ್ಟ ಪಾಡು, ಸಾಲ ಎಲ್ಲ ಊರಿಗೇ ಗೊತ್ತು. 1995ರಲ್ಲಿ ತೀರಿಕೊಂಡರು. ಅದೇ ಜಾಗದಲ್ಲಿ 2009ರ ಕೊನೆಯಲ್ಲಿ ವಿಷ್ಣುವರ್ಧನ್ ಅಂತ್ಯಕ್ರಿಯೆ ನಡೆಯಿತು.

ಇವರು ಯಾರೂ ದುಡ್ಡಿನ ಆಸೆಗೆ ಮಾಡಿದವರಲ್ಲ ಅನ್ನಿಸುತ್ತದೆ. ಹೀರೋ ಬರುವವರೆಗೆ ಜನರನ್ನು ನಗಿಸಿಕೊಂಡಿರು ಅಂತ ಮೂಲೆಯಲ್ಲಿ ನಿಲ್ಲಿಸುತ್ತಾರಲ್ಲ, ಆ ಮೂಲೆ ಬೇಡವಾಗಿತ್ತು ಅವರಿಗೆ.

ಬಾಲ್ಕನಿ_ಟಿಕೆಟ್:
ಇದನ್ನು ಒಪ್ಪುತ್ತೇನೆ. ಬಾಲಣ್ಣನ ಕಿವಿ ವಿಷಯ ಗೊತ್ತಾದ ಮೇಲೆ ಹಳೇ ಸಿನಿಮಾ ನೋಡಿದರೆ ಅವರ ಕಣ್ಣು ಎಲ್ಲಿರುತ್ತದೆ ಅಂತ ಗಮನಿಸಿ. ಎದುರಿನವರ ಬಾಯಿ ಬಿಟ್ಟು ಕದಲುವುದಿಲ್ಲ. ನಾವು ಅದನ್ನು ಲುಚ್ಚಾ ನೋಟ, ಖಳನ ನೋಟ ಅಂದುಕೊಂಡಿದ್ದೆವು.

ಮೈಸೂರುಮಲ್ಲಿಗೆ72:
ಅಯ್ಯೋ, ಇದನ್ನು ಇನ್ನು ಮರೆಯೋಕಾಗಲ್ಲ.

ಲೆಕ್ಕದಪುಸ್ತಕ:
ಮನೆ ಮಾರಿದ ವಿಷಯಕ್ಕೆ ಒಂದು ಮಾತು. ತೊಂಬತ್ತರ ದಶಕದಲ್ಲಿ ಸಾಲಾಗಿ ಸೋತರು. ನಗೆ ನಟನಾಗಿ ಕರೆಯುವವರೂ ಕಡಿಮೆಯಾದರು, ಅಷ್ಟು ಹೊತ್ತಿಗೆ ಹೊಸ ಕಾಮಿಡಿ ಬಂದಿತ್ತು. ವಿಷ್ಣುವರ್ಧನ್ ಜೊತೆಗಿನ ಜೋಡಿಯೂ ಮುರಿದಿತ್ತು. ಅರವತ್ತು ದಾಟಿದ ಮನುಷ್ಯ, ಬೇರೆಯವರಾಗಿದ್ದರೆ ಸನ್ಮಾನ ಮಾಡಿಸಿಕೊಂಡು ಹಾರ ಹಾಕಿಸಿಕೊಂಡು ಮನೆಯಲ್ಲಿರುತ್ತಿದ್ದರು. ಇವರು ಮತ್ತೆ ವಿಷ್ಣು ಹತ್ತಿರ ಹೋದರು. ಪಿ. ವಾಸು ನಿರ್ದೇಶನ, ಸೌಂದರ್ಯ, ರಮೇಶ್ ಅರವಿಂದ್. ಆಪ್ತಮಿತ್ರ.

2004ರ ಏಪ್ರಿಲ್ 17ರಂದು ವಿಮಾನ ಅಪಘಾತದಲ್ಲಿ ಸೌಂದರ್ಯ ಹೋದರು. ಸಿನಿಮಾ ಆಗಸ್ಟ್‌ನಲ್ಲಿ ಬಂತು. ನಾನು ಮೊದಲನೇ ವಾರ ನೋಡಿದೆ. ಕೊನೆಯಲ್ಲಿ ಸೌಂದರ್ಯ ಕುಣಿಯುವಾಗ ಥಿಯೇಟರಿನಲ್ಲಿ ಶಿಳ್ಳೆ ಶುರುವಾಗಿ ಹಾಗೇ ನಿಂತುಹೋಯಿತು. ಪಕ್ಕದಲ್ಲಿದ್ದ ಹೆಂಗಸು ಸೆರಗು ಬಾಯಿಗೆ ಒತ್ತಿಕೊಂಡಿದ್ದರು. ಸಿನಿಮಾ ತಿಂಗಳುಗಟ್ಟಲೆ ಓಡಿತು, ದ್ವಾರಕೀಶ್ ಎದ್ದು ನಿಂತರು.

ಗಾಂಧಿಕ್ಲಾಸ್:
ಆಪ್ತರಕ್ಷಕನೂ ಅವರದ್ದೇ ಅಲ್ವಾ? ಅದರಲ್ಲೂ ಚೆನ್ನಾಗಿ ದುಡಿದಿರಬೇಕು.

ಲೆಕ್ಕದಪುಸ್ತಕ:
ಅಲ್ಲ. ಅದು ಬೇರೆ ನಿರ್ಮಾಪಕರದ್ದು. ಎಲ್ಲರೂ ಇದನ್ನೇ ತಪ್ಪು ಮಾಡುತ್ತಾರೆ. ಇವರು ಮಾಡಿದ್ದು 2011ರ 'ವಿಷ್ಣುವರ್ಧನ', ಸುದೀಪ್ ಹೀರೋ. ಗೆಳೆಯ ಹೋದ ಮೇಲೆ ಅವನ ಹೆಸರನ್ನೇ ಸಿನಿಮಾಗೆ ಇಟ್ಟರು.

ಕಡಲತಡಿ:
ಆಪ್ತಮಿತ್ರ ರಜನಿಯ ಚಂದ್ರಮುಖಿಯ ರೀಮೇಕ್ ಅಲ್ವಾ? ರಜನಿ ಜೊತೆ ಹಳೇ ಪರಿಚಯ ಇತ್ತಲ್ಲ, ಹಾಗಾಗಿ ಹಕ್ಕು ಸಿಕ್ಕಿರಬೇಕು.

ಮೈಸೂರುಮಲ್ಲಿಗೆ72:
ಉಲ್ಟಾ ಹೇಳುತ್ತಿದ್ದೀರಿ!! ಮೂಲ ಮಲಯಾಳಂ, 'ಮಣಿಚಿತ್ರತಾಳ್', 1993. ಕನ್ನಡದ್ದು 2004. ಚಂದ್ರಮುಖಿ ಬಂದಿದ್ದು 2005ರಲ್ಲಿ, ಅದೇ ಪಿ. ವಾಸು ನಿರ್ದೇಶನದಲ್ಲಿ. ನಮ್ಮದೇ ಮೊದಲು. ಇದನ್ನು ವರ್ಷಕ್ಕೆ ಹತ್ತು ಸಲ ಹೇಳಿ ನನ್ನ ಗಂಟಲು ಒಣಗಿದೆ.

ಕಡಲತಡಿ:
ಇವತ್ತು ನನ್ನ ದಿನ ಅಲ್ಲ ಮಾರಾಯ್ರೆ. ಮಲಗುತ್ತೇನೆ.

ಐದಡಿ_ಒಂದಿಂಚು:
ಒಂದು ತಾರೀಖಿನ ವಿಷಯ. ದ್ವಾರಕೀಶ್ ಹೋಗಿದ್ದು 2024ರ ಏಪ್ರಿಲ್ 16. ಮೂರು ವರ್ಷ ಹಿಂದೆ ಅವರ ಪತ್ನಿ ತೀರಿಕೊಂಡಿದ್ದೂ ಏಪ್ರಿಲ್ 16ರಂದೇ. ಮಾರನೇ ದಿನ ಸೌಂದರ್ಯ ಹೋಗಿ ಸರಿಯಾಗಿ ಇಪ್ಪತ್ತು ವರ್ಷ. ಆವತ್ತು ಸುದ್ದಿ ಬಂದಾಗ ನನ್ನ ಆ ಉದ್ದದ ಗೆಳೆಯ ಫೋನ್ ಮಾಡಿದ್ದ. ಮೂವತ್ತು ವರ್ಷದ ಮೇಲೆ ಮಾತಾಡಿದ್ದು. "ರಾಜಾಕುಳ್ಳ, ಟಿವಿ ನೋಡಿದೆಯಾ?" ಅಂದ. ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದೆವು. ಆಮೇಲೆ ಅವನ ಮಗಳ ಮದುವೆ ವಿಷಯ ಮಾತಾಡಿದೆವು.

ಬಾಲ್ಕನಿ_ಟಿಕೆಟ್:
🙏

ಹಳೇರೀಲು:
ಎಲ್ಲರಿಗೂ ಥ್ಯಾಂಕ್ಸ್. ಅಪ್ಪನಿಗೆ ಎಲ್ಲ ಓದಿ ಹೇಳಿದೆ. "ನಾನು ಮೊದಲೇ ಹುಚ್ಚ ಅಂದೆನಲ್ಲ" ಅಂದು ಮಲಗಿದರು. ಅಕ್ಕನ ಮಗನಿಗೆ ಕಿಶೋರ್ ಹಾಡು ಹಾಕಿ ತೋರಿಸಿದೆ, ಹುಡುಗ ನಾಲ್ಕು ಸಲ ನೋಡಿದ. ಈಗ ಪೂರ್ತಿ ಸಿನಿಮಾ ಬೇಕಂತೆ. ಯಾವುದರಿಂದ ಶುರು ಮಾಡಿಸಲಿ?

ಗಾಂಧಿಕ್ಲಾಸ್:
ಗುರು ಶಿಷ್ಯರು. ಕಣ್ಣು ಮುಚ್ಚಿಕೊಂಡು ಹಾಕಿ. ಆ ಪೆದ್ದ ಶಿಷ್ಯರ ದಂಡು ನೋಡಿ ನಗದಿದ್ದರೆ ಹುಡುಗನನ್ನು ಡಾಕ್ಟರಿಗೆ ತೋರಿಸಿ.

ಐದಡಿ_ಒಂದಿಂಚು:
ರಾಜಾಕುಳ್ಳ. ಬೇರೆ ಮಾತೇ ಇಲ್ಲ.

ಲೆಕ್ಕದಪುಸ್ತಕ:
ವರ್ಷದ ಪ್ರಕಾರ ಹೋಗಿ. ಮೇಯರ್ ಮುತ್ತಣ್ಣದಿಂದ.

ಗಾಂಧಿಕ್ಲಾಸ್:
ಹುಡುಗ ಸಿನಿಮಾ ನೋಡಬೇಕಂತೆ, ಆಡಿಟ್ ಮಾಡಬೇಕಂತಲ್ಲ.

ಹೊಸಬ_ಹತ್ತೊಂಬತ್ತು:
ಹಾಯ್, ಈಗ ತಾನೇ ನೋಡಿದೆ. ಒಳ್ಳೇ ಚರ್ಚೆ. ಒಂದು ಡೌಟು, ಆಪ್ತಮಿತ್ರ ಚಂದ್ರಮುಖಿ ರೀಮೇಕ್ ತಾನೇ?

ಗಾಂಧಿಕ್ಲಾಸ್:
ಯಾರಾದರೂ ಮೇಡಂಗೆ ನೀರು ಕೊಡಿ.